ಬೆನ್ನು ಬಿದ್ದವನ ಕೇಸಿನ ಜಾಡು: ಆ್ಯಪ್, ಠಾಣೆ, ನೋಟ್‌ಬುಕ್

ಹೆಣ್ಣುಮಕ್ಕಳ ಬೆನ್ನು ಬಿದ್ದು ಕಾಡುವವರ ಮೇಲಿನ ಕೇಸು ಎಲ್ಲಿಗೆ ಬಂತು ಎಂದು ತಿಳಿಯಲು ನಾನು ಮೂರು ದಾರಿ ಬಳಸಿದ್ದೇನೆ: ಇ-ಕೋರ್ಟ್ಸ್ ಆ್ಯಪ್, ಠಾಣೆಗೆ ಖುದ್ದು ಓಡಾಟ, ಗೆರೆ ಹಾಕಿದ ನೋಟ್‌ಬುಕ್. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ದೂರು ಕೊಟ್ಟ ಹುಡುಗಿಯರ ಜೊತೆ ನಿಲ್ಲುವವರಿಗೆ ಇದು ಉಪಯೋಗಕ್ಕೆ ಬರಲಿ.

ವಾಯಿದೆ ತಿಳಿಯಲು ಆ್ಯಪ್‌ಗೆ ಸಾಟಿಯಿಲ್ಲ. ಕೋರ್ಟಿನಲ್ಲಿ ಪ್ರತಿ ಕೇಸಿಗೂ ಸಿಗುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ತಾರೀಖು, ಕೇಸಿನ ಹಂತ ಎರಡೂ ಕಾಣುತ್ತವೆ. ಅವತ್ತು ಇರುವುದು ಸಾಕ್ಷಿಯೋ, ಬರೀ ಆರೋಪಿಯ ಹಾಜರಿಯೋ ಎಂದು ಮೊದಲೇ ಗೊತ್ತಾದರೆ ಹೊಸನಗರದ ಹಳ್ಳಿಯಿಂದ ಬರುವವಳಿಗೆ ಒಂದು ದಿನದ ಕೂಲಿ ಉಳಿಯುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಹೋದರೆ ಆ ಮಾತು ಬೇರೆ.

ಚಾರ್ಜ್‌ಶೀಟ್ ಆಗುವವರೆಗೆ ಮಾತ್ರ ಠಾಣೆಯೇ ಗತಿ. ಬಾಯಲ್ಲಿ ಕೇಳಿದರೆ “ನಡೀತಾ ಇದೆ ಅಮ್ಮಾ” ಎನ್ನುತ್ತಾರೆ. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 193ನೇ ಕಲಂ ಹೇಳುತ್ತದೆ. ಅದನ್ನೇ ಬರೆದು ಕೊಟ್ಟು ಸೀಲು ಹಾಕಿಸಿಕೊಂಡಾಗ ಉತ್ತರ ಬಂದಿದೆ. ಎಫ್‌ಐಆರ್ ಪ್ರತಿ ಉಚಿತ. ಬಿಡದೆ ಕೇಳಿ ಪಡೆಯಿರಿ.

ಇವೆರಡರಲ್ಲೂ ಸಿಗದ್ದು ಒಂದಿದೆ: ಇವನು ಹಿಂದೆಯೂ ಇದೇ ಮಾಡಿದ್ದನೇ? ಈ ಅಪರಾಧದಲ್ಲಿ ಎಲ್ಲ ನಿಂತಿರುವುದೇ ಅದರ ಮೇಲೆ. ಬಿಎನ್‌ಎಸ್, ಅಂದರೆ ಭಾರತೀಯ ನ್ಯಾಯ ಸಂಹಿತೆಯ 78ರಡಿ (2024ರ ಜುಲೈ 1ಕ್ಕೆ ಮುಂಚಿನ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯಾದ ಐಪಿಸಿಯ 354ಡಿ) ಮೊದಲ ಸಲ ತಪ್ಪಿತಸ್ಥನಾದರೆ 3 ವರ್ಷದವರೆಗೆ ಸಜೆ, ಜಾಮೀನು ಸಿಗುವ ಅಪರಾಧ. ಎರಡನೇ ಸಲವಾದರೆ 5 ವರ್ಷದವರೆಗೆ, ಜಾಮೀನುರಹಿತ. ಆದರೆ ಹಿಂದಿನ ಶಿಕ್ಷೆ, ಅದರ ತಾರೀಖು, ಸ್ಥಳ ಇವನ್ನು ಕೋರ್ಟು ಹೊರಿಸುವ ಆರೋಪದಲ್ಲೇ ನಮೂದಿಸಬೇಕು. ಯಾರಿಗೂ ಗೊತ್ತಿಲ್ಲದಿದ್ದರೆ ನಮೂದಿಸುವವರು ಯಾರು?

ಆ್ಯಪ್‌ನಲ್ಲಿ ಹೆಸರು ಹಾಕಿ ಹುಡುಕಬಹುದು. ಆದರೆ ಸಾಗರದ ಕೋರ್ಟು ಬೇರೆ, ಭದ್ರಾವತಿಯದ್ದು ಬೇರೆ. ಒಂದೊಂದನ್ನೂ ಆರಿಸಿ, ಒಂದೊಂದು ವರ್ಷವನ್ನೂ ಹಾಕಿ ನೋಡಬೇಕು. ಕೊಪ್ಪ ಎಂದರೆ ಜಿಲ್ಲೆಯೇ ಬೇರೆ. ಮಂಜುನಾಥ ಎಂಬುದನ್ನು ಇಂಗ್ಲಿಷಿನಲ್ಲಿ ಕೊನೆಗೆ ‘ಎ’ ಹಾಕಿಯೂ ನೋಡಬೇಕು, ಹಾಕದೆಯೂ ನೋಡಬೇಕು. ತೀರ್ಥಹಳ್ಳಿಯಲ್ಲಿ ಶಿಕ್ಷೆಯಾದವನು ಶಿವಮೊಗ್ಗದಲ್ಲಿ ಹೊಸಬನಂತೆ ಕಟಕಟೆ ಹತ್ತುವುದು ಹೀಗೆ. ಇದು ನನ್ನನ್ನು ತುಂಬ ಕಾಡಿದೆ.

ಅದಕ್ಕೇ ಮೂರರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ನೋಟ್‌ಬುಕ್ ಆರಿಸುತ್ತೇನೆ. ಆರೋಪಿಯ ಹೆಸರು, ತಂದೆಯ ಹೆಸರು, ಊರು, ಠಾಣೆ, ಎಫ್‌ಐಆರ್ ನಂಬರ್, ಕಲಂ, ಸಿಎನ್‌ಆರ್, ತೀರ್ಪಿನ ದಿನ, ಯಾವ ಕೋರ್ಟು, ಶಿಕ್ಷೆಯೋ ಬಿಡುಗಡೆಯೋ. ದೂರುದಾರಳ ಹೆಸರು ಅದರಲ್ಲಿ ಬೇಡ, ಪುಸ್ತಕ ಬೀಗದೊಳಗೆ ಇರಲಿ. ಹಳೆಯ ಶಿಕ್ಷೆ ಕಂಡರೆ ಆ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ, ವಿವರವನ್ನು ಆರೋಪ ಹೊರಿಸುವ ಮುಂಚೆಯೇ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕ) ಅವರ ಕೈಗೆ ಕೊಡಿ. ಆ ಹೊತ್ತು ಮೀರಿದ್ದರೂ ಕೊಡಿ. ಶಿಕ್ಷೆ ಪ್ರಕಟಿಸುವ ಮುನ್ನ ಯಾವಾಗ ಬೇಕಾದರೂ ಅದನ್ನು ಸೇರಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.