ಗ್ಯಾಸ್ ಪೈಪ್ ತರಚಿ, ಮಣ್ಣು ಮುಚ್ಚಿ ಹೋದರು: ಓಣಿಯಲ್ಲಿ ಜೆಸಿಬಿ ಕಂಡರೆ ಇದನ್ನು ನೆನಪಿಡಿ

ಮನೆ ಮುಂದೆ ಜೆಸಿಬಿ ಗ್ಯಾಸ್ ಪೈಪ್ ಒಡೆದರೆ ಓಣಿಗೆಲ್ಲ ಗೊತ್ತಾಗುತ್ತದೆ. ಸುಂಯ್ ಅಂತ ಸದ್ದು, ಮೇಲೆ ಹಾರುವ ಮಣ್ಣು, ಓಡುವ ಜನ. ಯಾರೋ ಒಬ್ಬರು ಫೋನ್ ಮಾಡುತ್ತಾರೆ, ಕಂಪನಿಯವರು ಬಂದು ವಾಲ್ವ್ ಬಂದ್ ಮಾಡುತ್ತಾರೆ. ಆದರೆ ಬಕೆಟ್ಟಿನ ಹಲ್ಲು ಪೈಪನ್ನು ಒಡೆಯದೆ ಬರೀ ತರಚಿದರೆ? ಆಗ ಯಾರೂ ಯಾರಿಗೂ ಹೇಳುವುದಿಲ್ಲ. ಮಣ್ಣು ಎಳೆದು ಮುಚ್ಚಿ ಹೊರಟುಹೋಗುತ್ತಾರೆ. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯಲ್ಲಿ ಆಗಿದ್ದು ಇದೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಗೋಕುಲ ರಸ್ತೆ ಕಡೆಯ ಒಂದು ಬಡಾವಣೆ. ಅಡುಗೆಗೆ ಪೈಪ್ ಗ್ಯಾಸ್ ಬಂದಿದೆ. ಎದುರಿನ ಸೈಟಿನಲ್ಲಿ ಹೊಸ ಮನೆ ಏಳುತ್ತಿದೆ. ಬೇಸಿಗೆಯಲ್ಲಿ ಒಳಚರಂಡಿ ಕನೆಕ್ಷನ್ ಕೊಡಲು ರಸ್ತೆ ಅಂಚನ್ನು ಜೆಸಿಬಿಯಿಂದ ಅಗೆಸಿದರು. ನಾನು ಆಫೀಸಿಗೆ ಹೋಗಿದ್ದೆ. ನಮ್ಮ ಅತ್ತೆ ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು. ಕೆಳಗೆ ಗ್ಯಾಸ್ ಪೈಪ್ ಇದೆ ಅಂತ ಎಚ್ಚರಿಸಲು ಹಾಸಿರುವ ಹಳದಿ ಪ್ಲಾಸ್ಟಿಕ್ ಪಟ್ಟಿಯೊಂದು ಮಣ್ಣಿನ ಜೊತೆ ಹರಿದುಕೊಂಡು ಬಂತಂತೆ. ಅದರ ಕೆಳಗೆ ಹಳದಿ ಪೈಪ್. ಕೆಲಸದ ಹುಡುಗ ತಗ್ಗಿಗೆ ಇಳಿದು ಕೈಯಾಡಿಸಿ ನೋಡಿದ. ಕಾಂಟ್ರಾಕ್ಟರ್ ಮೇಲಿಂದಲೇ, "ಒಡದಿಲ್ಲಲ್ಲ? ಬರೇ ತರಚೇತಿ. ಮುಚ್ಚು, ಲಗೂ ಮುಚ್ಚು" ಅಂದ. ಅತ್ತೆ ಏನಾಯ್ತು ಅಂತ ಕೇಳಿದ್ದಕ್ಕೆ, "ಏನ್ ಆಗಂಗಿಲ್ಲ ತಗೋರಿ ಅವ್ವಾರ, ನೀವು ಒಳಗ ನಡೀರಿ, ಧೂಳ ಐತಿ" ಅಂತ ಉತ್ತರ ಬಂತು.

ಅತ್ತೆ ಇದನ್ನು ನಮಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಅವರ ಲೆಕ್ಕದಲ್ಲಿ ಹೇಳುವಂಥದ್ದು ಏನೂ ಆಗಿರಲಿಲ್ಲ. ನೀರಿನ ಪೈಪಿಗೆ ಒಮ್ಮೆ, ಒಳಚರಂಡಿಗೆ ಒಮ್ಮೆ, ಇಂಟರ್ನೆಟ್ ಕೇಬಲ್ಲಿಗೆ ಇನ್ನೊಮ್ಮೆ. ನಮ್ಮ ಅವಳಿ ನಗರದಲ್ಲಿ ಅಗೆಯದ ಓಣಿ ಯಾವುದಿದೆ ಹೇಳಿ?

ಒಂದೆರಡು ವಾರ ಕಳೆದಿರಬೇಕು. ಅಡುಗೆಮನೆ ಹಿಂದಿನ ಬಚ್ಚಲಿನಲ್ಲಿ ಆಗೊಮ್ಮೆ ಈಗೊಮ್ಮೆ ಕೆಟ್ಟ ವಾಸನೆ. ಕೊಳೆತ ಉಳ್ಳಾಗಡ್ಡಿ ಇರಬೇಕು ಅಂತ ಅತ್ತೆ ಬುಟ್ಟಿ ಸುರುವಿ ಒಂದೊಂದೇ ಉಳ್ಳಾಗಡ್ಡಿ ಒತ್ತಿ ನೋಡಿದರು. ಎಲ್ಲವೂ ಗಟ್ಟಿ. ಪಕ್ಕದ ಮನೆಯವರೂ ಅದೇ ಮಾತು ಹೇಳಿದಾಗ ಗಟಾರ ತುಂಬಿದೆ ಅಂತ ಓಣಿಯ ಹಿರಿಯರು ತೀರ್ಮಾನ ಕೊಟ್ಟರು. ನಮ್ಮ ಮೀಟರ್ ಹತ್ತಿರ, ಒಲೆ ಹತ್ತಿರ ವಾಸನೆಯೇ ಇರಲಿಲ್ಲ. ಹಾಗಾಗಿ ಗ್ಯಾಸ್ ಅಂತ ಯಾರ ತಲೆಗೂ ಹೋಗಲಿಲ್ಲ.

ಆಮೇಲೆ ಒಂದು ಸಂಜೆ ಅಡ್ಡಮಳೆ ಸುರಿಯಿತು. ಮರುದಿನ ಬೆಳಿಗ್ಗೆ ಎದುರು ಮನೆಯವರು ಮುಚ್ಚಿದ್ದ ತಗ್ಗಿನ ಮೇಲೆ ನೀರು ನಿಂತಿತ್ತು. ಅದರೊಳಗಿಂದ ಗುಳುಗುಳು ಅಂತ ಗುಳ್ಳೆ ಏಳುತ್ತಿದ್ದವು. ಹುಡುಗರು ಕಡ್ಡಿ ಹಾಕಿ ಆಡುತ್ತಿದ್ದರು. ನೀರಿನ ಪೈಪ್ ಒಡೆದಿದೆ ಅಂತ ಯಾರೋ ವಾಲ್ವ್‌ಮನ್‌ಗೆ ಫೋನ್ ಮಾಡಿದರು. ಅವನು ಬಂದು ಬಗ್ಗಿ ನೋಡಿದ, ಮೂಗು ಮುರಿದ. "ಇವತ್ತ ಈ ಲೈನಿಗೆ ನೀರ ಬಿಟ್ಟೇ ಇಲ್ಲಲ್ಲರಿ. ಖಾಲಿ ಪೈಪಿನ್ಯಾಗಿಂದ ಗುಳ್ಳಿ ಎಲ್ಲಿಂದ ಬರತಾವ?" ಅಂದವನೇ ಹುಡುಗರನ್ನು ಗದರಿಸಿ ದೂರ ಅಟ್ಟಿದ. ಇಡೀ ಓಣಿಯಲ್ಲಿ ಸರಿಯಾಗಿ ಯೋಚಿಸಿದವನು ಅವನೊಬ್ಬನೇ.

ಅದೇ ದಿನ ನಮಗೆ ನೀರು ಬಿಡುವ ದಿನ ಆಗಿದ್ದರೆ ಏನಾಗುತ್ತಿತ್ತು ಅಂತ ಈಗ ನೆನೆದರೂ ಎದೆ ಝಲ್ ಅನ್ನುತ್ತದೆ. ನಲ್ಲಿ ಬಂದ ತಕ್ಷಣ ಎಲ್ಲರ ಮನೆಯ ಮೋಟರ್ ಒಟ್ಟಿಗೆ ಶುರುವಾಗುತ್ತವೆ. ಆ ಮೋಟರ್ ಇರುವುದು ಸಂಪಿನ ಪಕ್ಕ. ಮಧ್ಯಾಹ್ನ ಪರೀಕ್ಷೆ ಮಾಡಿದಾಗ ಎರಡು ಮನೆಗಳ ಸಂಪಿನಲ್ಲಿ ಗ್ಯಾಸ್ ಸಿಕ್ಕಿತು.

ಮೀಟರ್ ಪೆಟ್ಟಿಗೆ ಮೇಲಿನ ನಂಬರಿಗೆ ಫೋನ್ ಮಾಡಿದೆವು, ಓಣಿಯ ತುದಿಗೆ ಹೋಗಿ ನಿಂತು. ತುರ್ತು ತಂಡ ಬಂತು. ಅವರ ಮುಖ್ಯಸ್ಥ ಮೊದಲು ಹೇಳಿದ ಮಾತು: "ಯಾರೂ ಸ್ವಿಚ್ ಮುಟ್ಟಬ್ಯಾಡ್ರಿ. ಆನೂ ಬ್ಯಾಡ, ಆಫೂ ಬ್ಯಾಡ. ಹೆಂಗ ಐತಿ ಹಂಗ ಬಿಟ್ಟು ಹೊರಗ ಬರ್ರಿ." ಲೈಟ್ ಆರಿಸಿ ಬರೋಣ ಅಂತ ಒಳಗೆ ಹೊರಟಿದ್ದ ಪಕ್ಕದ ಮನೆ ಕಾಕಾ ಅಲ್ಲೇ ನಿಂತರು. ಸ್ವಿಚ್ ಆಫ್ ಮಾಡುವಾಗಲೂ ಒಳಗೆ ಕಿಡಿ ಹಾರುತ್ತದೆ. ಗಾಳಿಯಲ್ಲಿ ಈ ಗ್ಯಾಸ್ 5ರಿಂದ 15 ಶೇಕಡಾ ಬೆರೆತಿದ್ದರೆ ಆ ಕಿಡಿ ಸಾಕು.

ಅಗೆದಿದ್ದು ಸಲಿಕೆಯಿಂದ, ಕೈಯಲ್ಲೇ. ಪೈಪ್ ಸಿಕ್ಕಿದಾಗ ನಾನು ದೂರದಿಂದ ನೋಡಿದೆ. ಆಮೇಲೆ ಕತ್ತರಿಸಿ ತೆಗೆದ ತುಂಡನ್ನು ಹತ್ತಿರದಿಂದ ತೋರಿಸಿದರು. 63 ಎಂಎಂ ಪೈಪ್, ಅದರ ಗೋಡೆ ಆರು ಎಂಎಂ ದಪ್ಪವೂ ಇಲ್ಲ. ಹೆಬ್ಬೆರಳು ಅಗಲದ ಒಂದು ಗೀರು. ಗೀರಿನ ಕೊನೆಯಲ್ಲಿ ಪ್ಲಾಸ್ಟಿಕ್ ಸುರುಳಿಯಾಗಿ ಎದ್ದು ನಿಂತಿತ್ತು. ಗೀರಿನ ತಳದಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಜೆಸಿಬಿ ಹೊಡೆದ ದಿನ ಆ ಬಿರುಕು ಇರಲೇ ಇಲ್ಲ ಅಂತ ಅವರು ಹೇಳಿದರು. ಒಳಗಿನ ಒತ್ತಡ ತೆಳುವಾದ ಜಾಗವನ್ನು ದಿನಾ ಸ್ವಲ್ಪ ಸ್ವಲ್ಪ ಹಿಗ್ಗಿಸಿ ಸೀಳಿದೆ. ರಸ್ತೆಯ ಪ್ಲಾಸ್ಟಿಕ್ ಲೈನಿನಲ್ಲಿ 4 ಬಾರ್‌ವರೆಗೂ ಒತ್ತಡ ಇರುತ್ತದೆ. ನಮ್ಮ ಒಲೆಗೆ ಬರುವಾಗ ರೆಗ್ಯುಲೇಟರ್ ಅದನ್ನು 21 ಮಿಲಿಬಾರ್‌ಗೆ ಇಳಿಸಿರುತ್ತದೆ (ಒಂದು ಬಾರ್ ಅಂದರೆ ಸಾವಿರ ಮಿಲಿಬಾರ್). ಒಲೆಯ ಉರಿ ನೋಡಿ ರಸ್ತೆಯ ಪೈಪಿನ ಬಲ ಅಳೆಯಬೇಡಿ. ಗೋಡೆಯ ದಪ್ಪದಲ್ಲಿ ಹತ್ತರಲ್ಲೊಂದು ಭಾಗಕ್ಕಿಂತ ಆಳವಾಗಿ ತರಚಿದರೆ ಆ ತುಂಡನ್ನು ಕತ್ತರಿಸಿ ಬೇರೆ ಹಾಕಬೇಕು ಅನ್ನುವುದು ಈ ಕೆಲಸದವರ ರೂಢಿಯ ನಿಯಮ. ಅದನ್ನು ನೋಡಿ ಹೇಳಬೇಕಾದವರು ಅವರು. ತಗ್ಗಿನ ಮೇಲೆ ನಿಂತ ಕಾಂಟ್ರಾಕ್ಟರ್ ಅಲ್ಲ.

ತರಚಿದ ಪೈಪ್ ತಡವಾಗಿ ಸಿಡಿಯುವುದು ಬರೀ ನಮ್ಮ ಓಣಿಯ ಕಥೆ ಅಲ್ಲ. ಬೆಲ್ಜಿಯಂನ ಆಥ್ ಪಟ್ಟಣದ ಹತ್ತಿರ 2004ರ ಜುಲೈ 30ರಂದು ದೊಡ್ಡ ಗ್ಯಾಸ್ ಲೈನ್ ಸಿಡಿದು 24 ಜನ ಸತ್ತರು. ಅಲ್ಲೂ ಕಟ್ಟಡ ಕೆಲಸದ ಯಂತ್ರ ಪೈಪಿಗೆ ಮೊದಲೇ ಗಾಯ ಮಾಡಿತ್ತು. ಲೈನಿನ ಒತ್ತಡ ಏರಿಸಿದಾಗ ಅದು ಬಾಯಿಬಿಟ್ಟಿತು. ಅದು ಉಕ್ಕಿನ ಪೈಪ್, ನಮ್ಮದು ಪ್ಲಾಸ್ಟಿಕ್. ಅಗೆದವರ ನಡವಳಿಕೆ ಮಾತ್ರ ಎಲ್ಲ ಕಡೆ ಒಂದೇ.

ಗ್ಯಾಸ್ ಮೇಲಕ್ಕೆ ಹೋಗುತ್ತದಲ್ಲ, ಬಚ್ಚಲಿಗೆ ಹೇಗೆ ಬಂತು ಅಂತ ನನಗೂ ಅನಿಸಿತ್ತು. ಪೈಪ್ ಗ್ಯಾಸ್ ಗಾಳಿಗಿಂತ ಹಗುರ ನಿಜ. ಸಿಲಿಂಡರ್ ಗ್ಯಾಸ್ ಭಾರ, ಅದು ನೆಲದಲ್ಲೇ ಕೂರುತ್ತದೆ. ಆದರೆ ನೆಲದೊಳಗೆ ಸೋರಿದ ಗ್ಯಾಸಿಗೆ ಮೇಲಿನ ದಾರಿ ಸಿಗಬೇಕಲ್ಲ. ಈಗ ನಮ್ಮ ಊರಿನಲ್ಲಿ ರಸ್ತೆಗೆಲ್ಲ ಕಾಂಕ್ರೀಟ್, ಅಂಚಿಗೆ ಪೇವರ್ಸ್. ಮೇಲೆ ಮುಚ್ಚಳ ಹಾಕಿದ ಹಾಗೆ. ಗ್ಯಾಸ್ ಅಡ್ಡಕ್ಕೆ ಹರಿದು ಚರಂಡಿ ಪೈಪ್, ಕೇಬಲ್ ತೂಬು, ಸಂಪ್ ಹುಡುಕುತ್ತದೆ. ಎರೆ ಮಣ್ಣಿನ ನೆಲದಲ್ಲಿ ಇನ್ನೂ ಸುಲಭ. ಬೇಸಿಗೆಯಲ್ಲಿ ಅದು ಕೈ ತೂರುವಷ್ಟು ಬಿರಿಯುತ್ತದೆ, ಗ್ಯಾಸ್ ಆ ಬಿರುಕಿನಲ್ಲೇ ಸಾಗುತ್ತದೆ. ಮಳೆ ಬಿದ್ದ ತಕ್ಷಣ ಮೇಲಿನ ಮಣ್ಣು ಊದಿ ಬಿರುಕು ಮುಚ್ಚಿಕೊಳ್ಳುತ್ತದೆ. ಹೊರಗೆ ಹೋಗುತ್ತಿದ್ದ ಗ್ಯಾಸ್ ಆಗ ಮನೆಗಳ ಕಡೆ ತಿರುಗುತ್ತದೆ. ಇನ್ನೊಂದು ಮಾತು. ಈ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಮರ್ಕಾಪ್ಟನ್ ಅನ್ನುವ ರಾಸಾಯನಿಕ ಬೆರೆಸುತ್ತಾರೆ. ಮಣ್ಣಿನಲ್ಲಿ ಸಾಗುವಾಗ ಆ ವಾಸನೆಯನ್ನು ಮಣ್ಣೇ ಹೀರಿಬಿಡಬಹುದು. ಜೊತೆಗೆ ಸ್ವಲ್ಪ ಹೊತ್ತಿನಲ್ಲಿ ನಮ್ಮ ಮೂಗೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ವಾಸನೆ ಕಮ್ಮಿ ಆಯ್ತು ಅಂದರೆ ಸೋರಿಕೆ ನಿಂತಿತು ಅಂತಲ್ಲ. ನಿಂತ ನೀರಿನಲ್ಲಿ ಗುಳ್ಳೆ, ಅಗೆದ ಜಾಗದ ಸುತ್ತ ಮಾತ್ರ ಒಣಗಿದ ಹುಲ್ಲು, ನೆಲದಿಂದ ಸುಂಯ್ ಸದ್ದು, ಇವನ್ನೂ ಗಮನಿಸಿ.

ಪೈಪ್ ಪೂರ್ತಿ ಒಡೆದಾಗ ನಮ್ಮ ಜನ ಮಾಡುವ ಸಾಹಸ ನೋಡಿದರೆ ಭಯವಾಗುತ್ತದೆ. ಬಟ್ಟೆ ತುರುಕುವುದು, ಟ್ಯೂಬ್ ಸುತ್ತುವುದು, ಪೈಪನ್ನು ಮಡಚಿ ತಂತಿ ಕಟ್ಟುವುದು. ನೀರಿನ ಪೈಪಿನ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಗ್ಯಾಸ್ ಜೋರಾಗಿ ನುಗ್ಗುವಾಗ ಪ್ಲಾಸ್ಟಿಕ್ ಪೈಪಿನ ಮೇಲೆ ಸ್ಥಿರ ವಿದ್ಯುತ್ ಕೂಡಿಕೊಳ್ಳುತ್ತದೆ. ಕೈ ಹತ್ತಿರ ಹೋದರೆ ಅಲ್ಲೇ ಕಿಡಿ ಹಾರಬಹುದು. ಕಂಪನಿಯವರೇ ಮೊದಲು ಪೈಪಿಗೆ ಒದ್ದೆ ಬಟ್ಟೆ ಸುತ್ತಿ ಅದರ ತುದಿಯನ್ನು ಒದ್ದೆ ನೆಲಕ್ಕೆ ಮುಟ್ಟಿಸಿದರು. ಆಮೇಲೆ ಚಿಮಟದಂಥ ಸಾಧನದಿಂದ ಪೈಪನ್ನು ಹಿಚುಕಿ ಗ್ಯಾಸ್ ನಿಲ್ಲಿಸಿದರು.

ಹಾಗಾದರೆ ನಾವೇನು ಮಾಡಬೇಕು? ಜೆಸಿಬಿ ಚಾಲಕ ಸಾಧ್ಯವಿದ್ದರೆ ತಕ್ಷಣ ಇಂಜಿನ್ ಆಫ್ ಮಾಡಬೇಕು, ಇಲ್ಲದಿದ್ದರೆ ಹಾಗೇ ಇಳಿದು ಓಡಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ ದೂರ ಹೋಗಿ. ಸುತ್ತಲಿನ ಮನೆಯವರನ್ನು ಕೂಗಿ ಕರೆಯಿರಿ, ಕಾಲಿಂಗ್ ಬೆಲ್ ಒತ್ತಬೇಡಿ. ಹತ್ತಿರ ನಿಂತ ಬೈಕ್ ಸ್ಟಾರ್ಟ್ ಮಾಡಬೇಡಿ. ದೂರ ಹೋದ ಮೇಲೆ ಗ್ಯಾಸ್ ಕಂಪನಿಯ ತುರ್ತು ನಂಬರಿಗೆ, 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. 1906 ಸಿಲಿಂಡರ್ ಗ್ಯಾಸಿನದು, ಪೈಪ್ ಗ್ಯಾಸಿನ ನಂಬರ್ ನಿಮ್ಮ ಬಿಲ್ಲಿನಲ್ಲೋ ಮೀಟರ್ ಹತ್ತಿರವೋ ಇರುತ್ತದೆ, ಈಗಲೇ ಮೊಬೈಲಿಗೆ ಹಾಕಿಕೊಳ್ಳಿ. ರಸ್ತೆಯ ವಾಲ್ವ್ ಮುಟ್ಟಬೇಡಿ. ಗ್ಯಾಸಿಗೆ ಬೆಂಕಿ ಹತ್ತಿದ್ದರೆ ನೀರು ಹಾಕಿ ಆರಿಸಲು ಹೋಗಬೇಡಿ. ಉರಿಯುವ ಗ್ಯಾಸ್ ಕಣ್ಣಿಗೆ ಕಾಣುತ್ತದೆ. ಆರಿಸಿದರೆ ಕಾಣದೆ ಮನೆಗಳಿಗೆ ನುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯ, ಮಣ್ಣು ಮುಚ್ಚಬೇಡಿ. ಮುಚ್ಚಿದರೆ ಬಯಲಿಗೆ ಹೋಗುವ ಗ್ಯಾಸನ್ನು ನಾವೇ ಚರಂಡಿಗೆ ಅಟ್ಟಿದ ಹಾಗೆ.

ಅಗೆಸುವವರಿಗೂ ಎರಡು ಮಾತು. ಹಳದಿ ಕಂಬ ಇರುವ ಕಡೆ ಸುತ್ತಮುತ್ತ ಲೈನ್ ಇದೆ ಅಂತಷ್ಟೇ ಅರ್ಥ. ಎರಡು ಕಂಬಗಳ ನಡುವೆ ಪೈಪ್ ನೆಟ್ಟಗೇ ಹೋಗಿರಬೇಕು ಅಂತೇನಿಲ್ಲ. ಹಳದಿ ಪಟ್ಟಿ ಬರುವವರೆಗೆ ಅಗೆಯೋಣ ಅನ್ನುವವರೂ ಇದ್ದಾರೆ. ರಸ್ತೆ ಒಡೆಯದೆ ಅಡ್ಡ ಡ್ರಿಲ್ ಮಾಡಿ ತೂರಿಸಿದ ಪೈಪಿನ ಮೇಲೆ ಪಟ್ಟಿಯೇ ಇರುವುದಿಲ್ಲ. ಆಳವೂ ನಂಬಿಕೆಗೆ ಸಾಲದು. ಸಾಮಾನ್ಯವಾಗಿ ಒಂದು ಮೀಟರ್ ಆಳ ಅನ್ನುತ್ತಾರೆ, ಆದರೆ ಆಮೇಲೆ ರಸ್ತೆ ತಗ್ಗಿಸಿದರೆ ಪೈಪ್ ಮೇಲೆ ಬಂದ ಹಾಗಾಯಿತು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ತಂದಿದೆ. ಎಲ್ಲಿ ಅಗೆಯುತ್ತೀರಿ ಅಂತ ಅದರಲ್ಲಿ ತಿಳಿಸಿದರೆ ಆ ಜಾಗದಲ್ಲಿ ಲೈನ್, ಕೇಬಲ್ ಇರುವವರಿಗೆ ಸುದ್ದಿ ಹೋಗುತ್ತದೆ. ಅದರ ಜೊತೆ ಗ್ಯಾಸ್ ಕಂಪನಿಗೂ ನೇರವಾಗಿ ಫೋನ್ ಮಾಡಿ. ಅವರ ಮನುಷ್ಯ ಬಂದು ಗುರುತು ಹಾಕಿಕೊಟ್ಟ ಮೇಲೆ ಪೈಪಿನ ಹತ್ತಿರ ಕೈಯಲ್ಲೇ ಅಗೆಸಿ. ಜೆಸಿಬಿ ಬಾಡಿಗೆ ಗಂಟೆ ಲೆಕ್ಕ, ಕಾಯೋಕೆ ಆಗಲ್ಲ ಅನ್ನುತ್ತಾರೆ. ಕಾಯುವ ಬಾಡಿಗೆ ಮನೆ ಕಟ್ಟಿಸುವವರು ಮೊದಲೇ ಒಪ್ಪಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹೊಲ ಇರುವವರ ಲೆಕ್ಕ ಬೇರೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಹೋಗುವ ದೊಡ್ಡ ಲೈನ್ ಧಾರವಾಡ, ಗದಗ ಜಿಲ್ಲೆಗಳ ಹೊಲಗಳಡಿ ಹಾದಿದೆ. 1962ರ ಪೈಪ್‌ಲೈನ್ ಕಾಯ್ದೆ ಪ್ರಕಾರ ಹೊಲ ನಿಮ್ಮದೇ, ಜೋಳ, ಕಡಲೆ, ಹತ್ತಿ ಬೆಳೆಯಬಹುದು. ಆದರೆ ಲೈನಿಗೆ ಬಿಟ್ಟ ಪಟ್ಟಿಯಲ್ಲಿ ಮನೆ ಕಟ್ಟುವ ಹಾಗಿಲ್ಲ, ಬಾವಿ, ಕೆರೆ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಕೃಷಿ ಹೊಂಡ, ಬೋರ್‌ವೆಲ್ ಮಾಡಿಸುವವರು ಕಂಬ ನೋಡಿ, ಕಂಬದ ಮೇಲಿನ ನಂಬರಿಗೆ ಕೇಳಿಯೇ ಮುಂದುವರಿಯಬೇಕು. 2011ರ ತಿದ್ದುಪಡಿ ಬಂದ ಮೇಲೆ ಬೇಕಂತಲೇ ಹಾನಿ ಮಾಡಿದರೆ ಶಿಕ್ಷೆಯೂ ಬಿಗಿಯಾಗಿದೆ. ಹೊಲ ಕೊಳ್ಳುವವರು ಉತಾರ (ಪಹಣಿ) ಮಾತ್ರ ನೋಡದೆ ಬದುವಿನ ಮೇಲೆ, ಪಕ್ಕದ ಹೊಲದಲ್ಲಿ ಕಂಬ ಇದೆಯಾ ಅಂತ ಒಂದು ಸುತ್ತು ಹಾಕಿ. ಇಂಥ ದೊಡ್ಡ ಲೈನಿನ ಗ್ಯಾಸ್ ವಾಸನೆ ಬರುತ್ತದೆ ಅಂತ ಕಾಯಬೇಡಿ. ವಾಸನೆ ಬೆರೆಸುವುದು ಸಾಮಾನ್ಯವಾಗಿ ಊರಿನ ಲೈನಿಗೆ ಬಿಡುವಾಗ. ಆಂಧ್ರದ ನಗರಂ ಹಳ್ಳಿಯಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಸೋರಿದ ಗ್ಯಾಸಿಗೆ ಬೆಂಕಿ ಹತ್ತಿ 20ಕ್ಕೂ ಹೆಚ್ಚು ಜನ ಸತ್ತರು.

ನಮ್ಮ ಓಣಿಯ ರಿಪೇರಿ ಖರ್ಚು ಯಾರು ಕೊಡಬೇಕು ಅನ್ನುವ ಜಗಳ ಇನ್ನೂ ನಡೆದಿದೆ. ನಾವು ಅಗೆದಾಗ ಪೈಪೇ ಕಂಡಿಲ್ಲ ಅಂತ ಕಾಂಟ್ರಾಕ್ಟರ್ ವಾದ. ಅತ್ತೆ ಕಣ್ಣಾರೆ ನೋಡಿದ್ದಾರೆ, ಆದರೆ ಫೋಟೊ ಇಲ್ಲ. ನಿಮ್ಮ ಕಡೆ ಯಾರಾದರೂ ಹಳದಿ ಪೈಪ್ ತರಚಿದ್ದು ಕಂಡರೆ, ಗ್ಯಾಸಿನ ಸದ್ದು, ವಾಸನೆ ಇಲ್ಲದಿದ್ದರೂ ಕಂಪನಿಗೆ ಫೋನ್ ಮಾಡಿ. ತಗ್ಗಿನಿಂದ ದೂರ ನಿಂತು ಜೂಮ್ ಮಾಡಿ ಪೈಪಿನದೊಂದು, ಜೆಸಿಬಿ ನಂಬರ್ ಪ್ಲೇಟಿನದೊಂದು ಫೋಟೊ ತೆಗೆದಿಡಿ. ಮುಚ್ಚಿದ ಮೇಲೆ ಅಲ್ಲಿ ಏನಾಗಿತ್ತು ಅಂತ ಯಾರೂ ಒಪ್ಪಿಕೊಳ್ಳುವುದಿಲ್ಲ.