ಎರಡು ಕಂಪ್ಯೂಟರಿನ ಮೇಲ್ ಒಂದೇ ಮಾಡಿಕೊಡ್ತೇನೆ ಅಂತ ಯಾರಾದ್ರೂ ಹೇಳಿದ್ರೆ, ಹಣ ಕೊಡುವ ಮೊದಲು ಇದನ್ನು ಓದಿ

ಮಂಗಳೂರಿನವರು, ಅದರಲ್ಲೂ ಆಫೀಸಿಗೊಂದು ಕಂಪ್ಯೂಟರ್, ಮನೆಗೊಂದು ಲ್ಯಾಪ್‌ಟಾಪ್ ಇಟ್ಟುಕೊಂಡವರು ದಯವಿಟ್ಟು ಓದಿ. ಬರೆಯಲು ನಾಚಿಕೆ ಆಗುತ್ತದೆ. ಆದರೆ ಬರೆಯದಿದ್ದರೆ ಹೊಟ್ಟೆಯ ಉರಿ ಇಳಿಯುವುದಿಲ್ಲ. 3,500 ರೂಪಾಯಿ ಕೊಟ್ಟು ಮಂಗ ಆದವನು ನಾನು.

ನನ್ನದು ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ರಿಟರ್ನ್ ಹಾಕುವ ಕೆಲಸ. ಆಫೀಸ್ ಬಂಟ್ಸ್ ಹಾಸ್ಟೆಲ್ ಹತ್ತಿರ, ಮನೆ ಸುರತ್ಕಲ್. ಆಫೀಸಿನ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ 11 ವರ್ಷದ ಮೇಲ್ ಇದೆ. ಕ್ಯಾಲೆಂಡರ್ ಕೂಡ ಅದರಲ್ಲೇ. ತಿಂಗಳ 7ಕ್ಕೆ ಟಿಡಿಎಸ್ (ಹಿಡಿದಿಟ್ಟ ತೆರಿಗೆ) ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1 ಅಂದರೆ ಮಾರಾಟದ ಲೆಕ್ಕ, 20ಕ್ಕೆ 3ಬಿ ಅಂದರೆ ಜಿಎಸ್‌ಟಿ ಕಟ್ಟುವ ರಿಟರ್ನ್, ಇದೆಲ್ಲ ಬಾಯಿಪಾಠ. ಆದರೆ ಯಾರ ನೋಟಿಸಿಗೆ ಯಾವತ್ತಿನೊಳಗೆ ಉತ್ತರ ಕೊಡಬೇಕು, ಯಾರು ಯಾವತ್ತು ಕಾಗದ ಹಿಡಿದುಕೊಂಡು ಬರುತ್ತಾರೆ, ಅದೆಲ್ಲ ತಲೆಯಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಸುರತ್ಕಲ್‌ನಿಂದ ದಿನಾ ಓಡಾಡುವ ಕಷ್ಟ ಗೊತ್ತಿರುವವರಿಗೆ ಗೊತ್ತು. ವಾರಕ್ಕೆ ಎರಡು ದಿನವಾದರೂ ಮನೆಯಲ್ಲೇ ಕೂತು ಕೆಲಸ ಮಾಡುವ ಅಂತ ಹೊರಟೆ. ಅದೇ ತಪ್ಪಾಯಿತು.

ಕಂಪ್ಯೂಟರ್ ಸರ್ವಿಸಿನ ಅಂಗಡಿ. ಹೆಸರು ಹೇಳುವುದಿಲ್ಲ, ಬೇಡ. ಪರಿಚಯದವರೇ ಕಳಿಸಿದ್ದು. ಅಲ್ಲಿದ್ದ ಜನ ನನ್ನ ಕಥೆ ಅರ್ಧ ಕೇಳಿದ, ಅಷ್ಟರಲ್ಲೇ "ದಾಲ ಆಪುಜಿ (ಏನೂ ಆಗುವುದಿಲ್ಲ) ಸರ್, ನಮ್ಮ ಹತ್ತಿರ ಇದಕ್ಕೊಂದು ಸಾಫ್ಟ್‌ವೇರ್ ಉಂಟು. ಒಮ್ಮೆ ಹಾಕಿದ್ರೆ ಲೈಫ್‌ಟೈಮ್. ಮೇಲ್, ಕ್ಯಾಲೆಂಡರ್ ಎಲ್ಲ ಎರಡೂ ಕಡೆ ಒಂದೇ ಕಾಣ್ತದೆ" ಅಂದ. ಸಾಫ್ಟ್‌ವೇರ್ ಸೇರಿ 3,500. ಹಾರ್ಡ್ ಡಿಸ್ಕ್ ಬೇರೆ, ಅದೂ ಅವನ ಹತ್ತಿರವೇ ತೆಗೆದುಕೊಂಡೆ. ಆಮೇಲೆ ಕೇಳಿದ: "ಬಿಲ್ ಬೇಕಾ ಸರ್? ಬಿಲ್ ಆದ್ರೆ 18 ಪರ್ಸೆಂಟ್ ಜಾಸ್ತಿ ಆಗ್ತದೆ."

ನಾನು ಏನು ಹೇಳಿದೆ ಗೊತ್ತಾ? ಬೇಡ ಅಂದೆ. ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ "ಬಿಲ್ ತಗೊಳ್ಳಿ ಮಾರಾಯ್ರೆ, ಬಿಲ್ ಇಲ್ಲದೆ ನನ್ನ ಹತ್ತಿರ ಬರಬೇಡಿ" ಅಂತ ಪಾರ್ಟಿಗಳಿಗೆ ಬೈಯುವವನು 630 ರೂಪಾಯಿ ಉಳಿಸಲು ಬಿಲ್ ಬೇಡ ಅಂದೆ. ನಗುವವರು ನಕ್ಕುಬಿಡಿ.

ಅವನು ಎರಡೂ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಎರಡೆರಡು ಐಕಾನ್ ಇಟ್ಟ. ಒಂದು 'ಡಿಸ್ಕಿಗೆ', ಇನ್ನೊಂದು 'ಡಿಸ್ಕಿನಿಂದ'. ಆಫೀಸಿನಿಂದ ಹೊರಡುವಾಗ ಹಾರ್ಡ್ ಡಿಸ್ಕ್ ಸಿಕ್ಕಿಸಿ ಒಂದನ್ನು ಒತ್ತುವುದು, ಮನೆಗೆ ಬಂದು ಇನ್ನೊಂದನ್ನು ಒತ್ತುವುದು. ಮರುದಿನ ಉಲ್ಟಾ. ಇಷ್ಟೇ. ಒತ್ತಿದರೆ ಒಂದು ಕಪ್ಪು ಕಿಟಕಿ ಬರುತ್ತದೆ, ಬಿಳಿ ಅಕ್ಷರ ಓಡುತ್ತದೆ, ಸ್ವಲ್ಪ ಹೊತ್ತಿಗೆ ಮುಚ್ಚಿಹೋಗುತ್ತದೆ. ಮೊದಲ ದಿನ ನೋಡಿ ಖುಷಿಯಾಯಿತು ನಿಜ. ಮನೆಯ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಮೇಲ್ ಎಲ್ಲ ಹಾಗೆಯೇ ಕಂಡಿತು.

ಒಂದು ವಾರದ ನಂತರ ಒಮ್ಮೊಮ್ಮೆ ಆ ಕಪ್ಪು ಕಿಟಕಿ ಮುಚ್ಚುತ್ತಲೇ ಇರಲಿಲ್ಲ. 30 ಸೆಕೆಂಡ್ ಕಾಯುತ್ತಿದ್ದೇನೆ, ಮತ್ತೆ ಪ್ರಯತ್ನಿಸುತ್ತಿದ್ದೇನೆ ಅಂತ ಇಂಗ್ಲಿಷಿನಲ್ಲಿ ತೋರಿಸುತ್ತಾ ಕೂರುತ್ತಿತ್ತು. ಫೋಟೋ ತೆಗೆದು ಅವನಿಗೆ ಕಳಿಸಿದೆ. ಉತ್ತರ ನೋಡಿ: "ಅದು ಕೆಲಸ ಮಾಡ್ತಾ ಉಂಟು ಅಂತ ಅರ್ಥ ಸರ್. ಮುಟ್ಬೇಡಿ." ನಾನು ಮುಟ್ಟಲಿಲ್ಲ. ಅರ್ಧ ಗಂಟೆ ಕಾದು, ಕೆಲಸ ಆಗಿರಬೇಕು ಅಂದುಕೊಂಡು ಡಿಸ್ಕ್ ತೆಗೆದು ಚೀಲಕ್ಕೆ ಹಾಕಿದೆ.

ಅದೇ ಸಮಯಕ್ಕೆ ಕೆಲವರು "ಮೇಲ್ ಹಾಕಿದ್ದೇವೆ ಸರ್" ಅನ್ನುವುದು, ನಾನು "ಬಂದಿಲ್ಲ" ಅನ್ನುವುದು ಶುರುವಾಯಿತು. ಒಬ್ಬರಲ್ಲ, ಮೂರು ಜನ. ಸುಮ್ನೆ ಹೇಳ್ತಾರೆ, ಕಳಿಸಿರಲಿಕ್ಕಿಲ್ಲ ಅಂದುಕೊಂಡೆ. ಒಬ್ಬರ ಹತ್ತಿರ ಜೋರಾಗಿಯೇ ಮಾತಾಡಿದೆ. ಇದನ್ನು ನೆನೆಸಿದರೆ ಈಗ ಮೈ ಬಿಸಿಯಾಗುತ್ತದೆ.

ಜುಲೈಯ ಒಂದು ಭಾನುವಾರ, ಹೊರಗೆ ಭರ್ಜರಿ ಮಳೆ. ಮನೆಯಲ್ಲಿ ಕೂತು ಮುಂದಿನ ಮೂರು ತಿಂಗಳ ತಾರೀಕು ಎಲ್ಲ ಕ್ಯಾಲೆಂಡರಿಗೆ ಹಾಕಿದೆ, 38 ಎಂಟ್ರಿ. ದಕ್ಕೆಯ (ಮೀನುಗಾರಿಕಾ ಬಂದರು) ಹತ್ತಿರ ಬೋಟಿನ ಸ್ಪೇರ್ ಪಾರ್ಟ್ಸ್ ಅಂಗಡಿ ಇರುವ ಪಾರ್ಟಿಯ ಖರೀದಿ ಬಿಲ್ಲುಗಳೂ ಅವತ್ತೇ ಮೇಲಿನಲ್ಲಿ ಬಂದವು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಅಲ್ವಾ, ಬೋಟುಗಳ ರಿಪೇರಿ ಕಾಲ, ಬಿಲ್ಲು ಒಂದು ರಾಶಿ. "ಸಿಕ್ಕಿತು, ಮಾಡ್ತೇನೆ" ಅಂತ ಉತ್ತರವನ್ನೂ ಕೊಟ್ಟೆ. ರಾತ್ರಿ 'ಡಿಸ್ಕಿಗೆ' ಒತ್ತಿದೆ. ಕಪ್ಪು ಕಿಟಕಿ. 30 ಸೆಕೆಂಡ್. ಮತ್ತೆ 30 ಸೆಕೆಂಡ್. ಮಲಗಿದೆ. ಬೆಳಿಗ್ಗೆ ಡಿಸ್ಕ್ ಹಿಡಿದುಕೊಂಡು ಆಫೀಸಿಗೆ ಹೋಗಿ 'ಡಿಸ್ಕಿನಿಂದ' ಒತ್ತಿದೆ. ಔಟ್‌ಲುಕ್ ತೆರೆದರೆ ಭಾನುವಾರದ್ದು ಒಂದೂ ಇಲ್ಲ. ಮನೆಯಲ್ಲಿ ಇರ್ತದೆ ಅಂತ ಸಮಾಧಾನ ಮಾಡಿಕೊಂಡೆ. ಸಂಜೆ ಅಭ್ಯಾಸದಂತೆ ಆಫೀಸಿನಲ್ಲಿ 'ಡಿಸ್ಕಿಗೆ', ಮನೆಗೆ ಬಂದು 'ಡಿಸ್ಕಿನಿಂದ'. ಕಪ್ಪು ಕಿಟಕಿ ಚಕಚಕ ಓಡಿ ಮುಚ್ಚಿತು. ಈಗ ಮನೆಯಲ್ಲೂ ಇಲ್ಲ. ನನ್ನ ಕೈಯಿಂದಲೇ ಅಳಿಸಿಹಾಕಿದ್ದೆ.

ಫೋನ್ ಮಾಡಿದೆ. "ಎರಡು ದಿನ ನೋಡಿ ಸರ್, ಬರ್ತದೆ." ಎಲ್ಲಿಂದ ಬರ್ತದೆ? ಎರಡು ದಿನ ಬಿಟ್ಟು ಮತ್ತೆ ಮಾಡಿದೆ. "ನೀವು ಔಟ್‌ಲುಕ್ ಕ್ಲೋಸ್ ಮಾಡ್ಲಿಲ್ಲ ಅಲ್ವಾ? ಕ್ಲೋಸ್ ಮಾಡ್ಬೇಕು ಅಂತ ನಾನು ಹೇಳಿದ್ದೆ." ಹೇಳಿರಲಿಲ್ಲ. ಖಂಡಿತ ಹೇಳಿರಲಿಲ್ಲ. ಫೋಟೋ ಕಳಿಸಿದಾಗಲೂ ಮುಟ್ಬೇಡಿ ಅಂದನೇ ಹೊರತು ಕ್ಲೋಸ್ ಮಾಡಿ ಅನ್ನಲಿಲ್ಲ. ಆ ಮೆಸೇಜ್ ಈಗಲೂ ನನ್ನ ಹತ್ತಿರ ಇದೆ. ಮೂರನೇ ಸಲ ಕೇಳಿದ್ದಕ್ಕೆ, "ರಿಕವರಿ ಮಾಡಿ ನೋಡುವ, 6,000 ಆಗ್ತದೆ. ಸಿಗ್ತದೆ ಅಂತ ಗ್ಯಾರಂಟಿ ಇಲ್ಲ."

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ, ಅವನನ್ನು ಕರೆದೆ. ಆ 'ಸಾಫ್ಟ್‌ವೇರ್' ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ನೋಟ್‌ಪ್ಯಾಡಿನಲ್ಲಿ ತೆರೆದ. ಮೂರು ಸಾಲು. ಒಂದು ಸಾಲು ಕಿಟಕಿ ಶುರುಮಾಡಲು, ಒಂದು ಸಾಲು ಮುಚ್ಚಲು. ನಡುವಿನದ್ದು ರೋಬೋಕಾಪಿ, ಫೈಲ್ ಕಾಪಿ ಮಾಡುವ ಕಮಾಂಡ್. "ಮಾಮ, ಇದು ಸಾಫ್ಟ್‌ವೇರ್ ಅಲ್ಲ. ಇದು ವಿಂಡೋಸಿನ ಒಳಗೇ ಉಂಟು. ವಿಸ್ಟಾ ಅನ್ನುವ ಹಳೆಯ ವಿಂಡೋಸ್ ಕಾಲದಿಂದ ಉಂಟು. ಫ್ರೀ" ಅಂದ. ನಾನು ಮಾತಾಡಲಿಲ್ಲ. ಅವನಿಗೆ ನಗು ತಡೆಯಲು ಆಗುತ್ತಿರಲಿಲ್ಲ, ನನಗೆ ಅದು ಕಾಣುತ್ತಿತ್ತು. ಮೂರು ಸಾಲಿಗೆ 3,500. ಸಾಲಿಗೆ ಸಾವಿರಕ್ಕಿಂತ ಜಾಸ್ತಿ!

ಮತ್ತೆ ಅವನು ವಿವರಿಸಿದ. ಆ ಸಾಲಿನ ಕೊನೆಯಲ್ಲಿ 'ಮಿರ್' ಅಂತ ಒಂದು ಸ್ವಿಚ್ ಇತ್ತು, ಮಿರರ್, ಅಂದರೆ ಕನ್ನಡಿ. ಈ ಕಡೆಯ ಫೋಲ್ಡರ್ ಹೇಗಿದೆಯೋ ಆ ಕಡೆಯದ್ದನ್ನು ಹಾಗೆಯೇ ಮಾಡುತ್ತದೆ. ಆ ಕಡೆ ಹೊಸ ಫೈಲ್ ಇದ್ದರೂ ಅದರ ಮೇಲೆ ಹಳೆಯದನ್ನು ಹಾಕುತ್ತದೆ, ಆ ಕಡೆ ಹೆಚ್ಚಿಗೆ ಏನಾದರೂ ಇದ್ದರೆ ಅಳಿಸುತ್ತದೆ. ಎರಡು ಕಡೆಯದ್ದನ್ನು ಸೇರಿಸುವುದು ಅದರ ಕೆಲಸವೇ ಅಲ್ಲ. ಔಟ್‌ಲುಕ್ ಮೇಲ್, ಕ್ಯಾಲೆಂಡರ್ ಎಲ್ಲವನ್ನೂ ಪಿಎಸ್‌ಟಿ ಅನ್ನುವ ಒಂದೇ ದೊಡ್ಡ ಫೈಲಿನಲ್ಲಿ ಇಡುತ್ತದಂತೆ. ಔಟ್‌ಲುಕ್ ತೆರೆದಿದ್ದರೆ ಆ ಫೈಲಿಗೆ ಬೀಗ, ಕಾಪಿ ಆಗುವುದಿಲ್ಲ. ಆಗ ರೋಬೋಕಾಪಿ 30 ಸೆಕೆಂಡಿಗೊಮ್ಮೆ ಬಾಗಿಲು ತಟ್ಟುತ್ತಾ ಕೂರುತ್ತದೆ. ಎಷ್ಟು ಸಲ ಅಂತ ಹೇಳದಿದ್ದರೆ 10 ಲಕ್ಷ ಸಲ. ಕೆಲಸ ಮಾಡ್ತಾ ಉಂಟು, ಮುಟ್ಬೇಡಿ ಅಂದದ್ದು ಇದಕ್ಕೆ! ನಾನು 10 ಲಕ್ಷ ಸಲ ಕಾಯಬೇಕಿತ್ತು.

ಹೋದ ಮೇಲ್ ಸರ್ವರಿನಲ್ಲಿ ಇರಬೇಕಲ್ಲ ಅಂತ ಕೇಳಿದೆ. ಅಲ್ಲೂ ಇಲ್ಲ. ನನ್ನ ಅಕೌಂಟ್ ಹಳೆಯ ಪಾಪ್ ಸೆಟ್ಟಿಂಗಿನಲ್ಲಿತ್ತು, ಅಂದರೆ ಮೇಲನ್ನು ಇಳಿಸಿಕೊಂಡು ಸರ್ವರಿನಿಂದ ತೆಗೆದುಬಿಡುವುದು. ಕಾಪಿ ಅಲ್ಲೇ ಬಿಡು ಅಂತ ಟಿಕ್ ಹಾಕಬೇಕು, ಅಂಗಡಿಯವನು ಲ್ಯಾಪ್‌ಟಾಪಿನಲ್ಲೂ ಹಾಕಿರಲಿಲ್ಲ. ರಾತ್ರಿ ಬಂದ ಮೇಲ್ ಲ್ಯಾಪ್‌ಟಾಪಿಗೆ ಇಳಿದು, ಮರುದಿನದ ಕನ್ನಡಿಯಲ್ಲಿ ಮಾಯವಾಗುತ್ತಿತ್ತು. ಆ ಮೂರು ಜನ ಸುಳ್ಳು ಹೇಳಿರಲಿಲ್ಲ.

ಸ್ಪೇರ್ ಪಾರ್ಟ್ಸಿನವರ ಬಿಲ್ಲು ಮತ್ತೆ ತರಿಸಿ 3ಬಿ ಹಾಕುವಾಗ 24ನೇ ತಾರೀಕು. ದಿನಕ್ಕೆ 50ರಂತೆ 200 ಲೇಟ್ ಫೀ, ಮೇಲೆ 18 ಪರ್ಸೆಂಟ್ ಲೆಕ್ಕದಲ್ಲಿ ನಾಲ್ಕು ದಿನದ ಬಡ್ಡಿ. ನನ್ನ ಕಿಸೆಯಿಂದಲೇ ಕೊಟ್ಟೆ. ಇನ್ನೊಬ್ಬರ ಎಎಸ್‌ಎಂಟಿ-10 ನೋಟಿಸಿಗೆ (ರಿಟರ್ನಿನಲ್ಲಿ ವ್ಯತ್ಯಾಸ ಉಂಟು ಅಂತ ಜಿಎಸ್‌ಟಿಯವರು ಕಳಿಸುವುದು) 30 ದಿನದ ಗಡುವು. ಪೋರ್ಟಲಿನಲ್ಲಿ ನೋಟಿಸ್ ಇರುತ್ತದೆ ಸರಿ, ಆದರೆ ದಿನ ನೆನಪಿಸುವ ಎಂಟ್ರಿ ಆ 38ರಲ್ಲಿ ಹೋಗಿತ್ತು. ಅವರೇ ಫೋನ್ ಮಾಡಿ ಕೇಳಿದಾಗ ಮೂರು ದಿನ ಬಾಕಿ.

ಸಿಟ್ಟಿನಲ್ಲಿ ಅಂಗಡಿಗೇ ಹೋದೆ. "ಡೇಟಾಕ್ಕೆ ನಾವು ಜವಾಬ್ದಾರಿ ಅಲ್ಲ ಸರ್, ಬಿಲ್ಲಿನ ಹಿಂದೆ ಬರ್ದಿರ್ತದೆ" ಅಂದ. ಯಾವ ಬಿಲ್ಲು? "ನೀವೇ ಬೇಡ ಅಂದದ್ದಲ್ವಾ?" ಸರಿ, ಬೇರೆಯವರದ್ದು ತೋರಿಸು ಅಂದೆ. ಬಿಲ್ ಪುಸ್ತಕ ತೋರಿಸಿದ. ಅದರಲ್ಲಿ ಜಿಎಸ್‌ಟಿ ನಂಬರೇ ಇಲ್ಲ! ಕೇಳಿದರೆ ರಿಜಿಸ್ಟ್ರೇಷನ್ ಮಾಡಿಸಿಲ್ಲವಂತೆ. ವರ್ಷಕ್ಕೆ 20 ಲಕ್ಷ ದಾಟದ ಸರ್ವಿಸಿನವನಿಗೆ ಅದು ಬೇಡ, ಒಪ್ಪಿದೆ. ಆದರೆ ನಂಬರ್ ಇಲ್ಲದವನು ಯಾರ ಹೆಸರಲ್ಲಿ 18 ಪರ್ಸೆಂಟ್ ಕೇಳುವುದು? ಇದನ್ನು ನಾನು, ನಾನು, ಅವತ್ತೇ ಕೇಳಬೇಕಿತ್ತು. ಅದಕ್ಕೆ ಅವನದ್ದು ಒಂದೇ ಉತ್ತರ, "ತೂಕ ಸರ್." ತೂಕ ಅಂದರೆ ತುಳುವಿನಲ್ಲಿ ನೋಡುವ. ಇನ್ನೂ ನೋಡುತ್ತಿದ್ದಾನೆ.

ಈಗ ಅಕ್ಕನ ಮಗ ಮಾಡಿಕೊಟ್ಟದ್ದು ಇಷ್ಟು. ಮೇಲ್ ಐಮ್ಯಾಪಿಗೆ ಹಾಕಿದ. ಅದು ಸರ್ವರಿನಲ್ಲೇ ಇರುತ್ತದೆ, ಎರಡೂ ಕಂಪ್ಯೂಟರ್ ಅಲ್ಲಿಗೇ ಹೋಗಿ ನೋಡುತ್ತವೆ. ಹಳೆಯದರಲ್ಲಿ ಮೂರು ವರ್ಷದ್ದು ಮಾತ್ರ ಮೇಲೆ ಹತ್ತಿಸಿದೆವು, ಜಾಗ ಅಷ್ಟೇ ಇದ್ದದ್ದು. ಉಳಿದದ್ದು ಆಫೀಸಿನಲ್ಲೇ ಇದೆ, ಡಿಸ್ಕಿನಲ್ಲಿ ಒಂದು ಬ್ಯಾಕಪ್. ಐಮ್ಯಾಪ್ ಮೇಲ್ ಮಾತ್ರ ತರುತ್ತದೆ, ಕ್ಯಾಲೆಂಡರ್ ತರುವುದಿಲ್ಲ, ಇದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ಕ್ಯಾಲೆಂಡರ್ ಗೂಗಲ್‌ಗೆ, ನೋಡುವುದು ಎರಡೂ ಕಡೆ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂನಲ್ಲಿ. ಅವನಿಗೆ ಕೊಟ್ಟದ್ದು ಒಂದು ಊಟ.

ನೀವು ಯಾರ ಹತ್ತಿರ ಮಾಡಿಸಿದರೂ, ಮೇಲ್ ಪಾಪ್‌ನಲ್ಲಿದೆಯಾ ಐಮ್ಯಾಪ್‌ನಲ್ಲಿದೆಯಾ ಅಂತ ಕೇಳಿ. ಪಿಎಸ್‌ಟಿ ಫೈಲನ್ನು ಅತ್ತ ಇತ್ತ ಕಾಪಿ ಮಾಡಿ ಅದನ್ನೇ ಸಿಂಕ್ (ಎರಡೂ ಕಡೆ ಒಂದೇ ಮಾಡುವುದು) ಅಂತ ಹೇಳಿದರೆ ಎದ್ದು ಬನ್ನಿ. ಮತ್ತೆ ಬಿಲ್ ತಗೊಳ್ಳಿ ಮಾರಾಯ್ರೆ.

ಆ ಮೂವರಲ್ಲಿ ಇಬ್ಬರಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಒಬ್ಬರು ನಕ್ಕರು, ಒಬ್ಬರು ಹ್ಞೂಂ ಅಂದರು. ನಾನು ಜೋರು ಮಾಡಿದ್ದು ಮೂರನೆಯವರಿಗೆ. ಅವರು ಎತ್ತುತ್ತಿಲ್ಲ.