3.73 ಕ್ರೌನ್-ಪಿನಿಯನ್ ಹಾಕಿಸಿದೆ: ಗೇರಿಗೆ ಪೂರ್ತಿ ಅಂಕ, ನನ್ನ ತಾಳ್ಮೆಗೆ ಅರ್ಧ

ನನ್ನದು 2012ರ ಮಸ್ಟಾಂಗ್ ಜಿಟಿ, ಆರು ಗೇರಿನ ಮ್ಯಾನ್ಯುಯಲ್. ಮನೆ ಮಿಶಿಗನ್‌ನ ಟ್ರಾಯ್‌ನಲ್ಲಿ. ಸೆಕೆಂಡ್ ಹ್ಯಾಂಡ್ ತಗೊಂಡ ಗಾಡಿ, ಹಿಂದಿನ ಆಕ್ಸಲ್‌ನಲ್ಲಿ ಚಕ್ರ ತಿರುಗಿಸುವ ಕ್ರೌನ್-ಪಿನಿಯನ್ (ದೊಡ್ಡ ಗೇರು, ಸಣ್ಣ ಗೇರಿನ ಜೋಡಿ) ಕಂಪನಿಯ 3.31. ಅಂದರೆ ಕ್ರೌನ್ ಒಂದು ಸುತ್ತು ಬರಲು ಪಿನಿಯನ್ 3.31 ಸುತ್ತು ಬರಬೇಕು; ಅಂಕಿ ಹೆಚ್ಚಿದಷ್ಟೂ ಎಳೆತ ಜಾಸ್ತಿ. ಹೈವೇಗೆ ಚೆನ್ನಾಗಿತ್ತು. ಆದರೆ ವುಡ್‌ವರ್ಡ್ ಅವೆನ್ಯೂನಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವಾಗ 412 ಕುದುರೆಗಳೂ ಊಟ ಮಾಡಿ ಮಲಗಿದಂತಿದ್ದವು. ಮೂರು ವರ್ಷ ಗೊಣಗಿ, ಕೊನೆಗೆ ಈ ಬೇಸಿಗೆಯಲ್ಲಿ ಫೋರ್ಡ್ ಪರ್ಫಾರ್ಮೆನ್ಸ್‌ನ 3.73 ಸೆಟ್ ಹಾಕಿಸಿದೆ. 8.8 ಇಂಚಿನ ಆಕ್ಸಲ್‌ಗೆ ಬರುವಂಥದ್ದು, ಪಾರ್ಟ್ ನಂಬರ್ ಎಂ-4209-88373ಎ. ಪಿನಿಯನ್‌ಗೆ 11 ಹಲ್ಲು, ಕ್ರೌನ್‌ಗೆ 41. ಗೇರು, ಬೇರಿಂಗ್ ಕಿಟ್, ಕೂಲಿ ಎಲ್ಲ ಸೇರಿ 900 ಡಾಲರ್ ದಾಟಿತು. ಮನೆಯಲ್ಲಿ 600 ಅಂದಿದ್ದೇನೆ.

ಹಾಸನದಲ್ಲಿ ನಮ್ಮ ಚಿಕ್ಕಪ್ಪ ನಲವತ್ತು ವರ್ಷ ಲಾರಿ ಗ್ಯಾರೇಜ್ ನಡೆಸಿದವರು. ವೀಡಿಯೋ ಕಾಲ್‌ನಲ್ಲಿ ಗಾಡಿಯ ಅಡಿಭಾಗ ತೋರಿಸಿದೆ. ಒಂದು ನಿಮಿಷ ಸುಮ್ಮನಿದ್ದು, "ಲೋ, ಇಷ್ಟು ದುಡ್ಡಿನ ಕಾರಿಗೆ ಲಾರಿ ಹೌಸಿಂಗ್ ಹಾಕವ್ರಲ್ಲೋ!" ಅಂದರು. ತಪ್ಪೇನಿಲ್ಲ. ಹೌಸಿಂಗ್ ಅಂದರೆ ಈ ಗೇರುಗಳು ಕೂತಿರುವ ಹಿಂದಿನ ಆಕ್ಸಲ್ಲಿನ ಪೆಟ್ಟಿಗೆ. 2014ರವರೆಗಿನ ಮಸ್ಟಾಂಗ್ ಜಿಟಿಗೆ ಹಿಂದೆ ಇರುವುದು ಒಂದೇ ತುಂಡಿನ ಗಟ್ಟಿ ಆಕ್ಸಲ್ಲೇ. ಸ್ವತಂತ್ರ ಸಸ್ಪೆನ್ಷನ್ ಬಂದದ್ದು 2015ರ ಮಾಡೆಲ್‌ನಿಂದ.

ಕೆಲಸ ಮಾಡಿಸಿದ್ದು ಊರಾಚೆಯ ಒಂದು ಸಣ್ಣ ಅಂಗಡಿಯಲ್ಲಿ. ಎರಡೇ ಲಿಫ್ಟು, ಮಾತು ಕಮ್ಮಿ ಆಡುವ ಅರುವತ್ತು ದಾಟಿದ ಯಜಮಾನ. ಕೂತು ನೋಡಲು ಬಿಟ್ಟರು, ಅದಕ್ಕೇ ಒಂದು ನಕ್ಷತ್ರ ಜಾಸ್ತಿ ಕೊಡಬಹುದು. ಕ್ರೌನ್ ಹಲ್ಲಿಗೆ ಹಳದಿ ಬಣ್ಣ ಹಚ್ಚಿ ತಿರುಗಿಸಿ, ಅಚ್ಚು ಎಲ್ಲಿ ಬೀಳುತ್ತದೆ ನೋಡಿ, ಪಿನಿಯನ್ ಹಿಂದಿನ ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಿ ಮತ್ತೆ ಜೋಡಿಸಿದರು. ಹೀಗೆ ಮೂರು ಸಲ. ನಾಲ್ಕನೇ ಸಲ ಅಚ್ಚು ಹಲ್ಲಿನ ನಡುವೆ ಬಂತು. ಆಮೇಲೆ ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲ, ತೋರಿಸಿದರು: ಇಂಚಿನ ಸಾವಿರದಲ್ಲಿ ಹತ್ತು ಭಾಗ. ಬಿಲ್ಲಿನ ಹಿಂದೆ ಆ ಅಂಕಿಯನ್ನು ಬರೆದು ಸಹಿಯನ್ನೂ ಹಾಕಿಕೊಟ್ಟರು.

ನಿಜವಾದ ಕಥೆ ಶುರುವಾಗುವುದು ಆ ಬಿಲ್ಲಿನ ಜೊತೆ ಪಿನ್ ಮಾಡಿದ ಇನ್ನೊಂದು ಹಾಳೆಯಿಂದ. ಮೊದಲ 20 ಮೈಲಿ ಮೆಲ್ಲಗೆ ಓಡಿಸು, ನಿಲ್ಲಿಸು, ಅರ್ಧ ಗಂಟೆ ಆರಲು ಬಿಡು. ಹೀಗೆ ಮೂರು ಸಲ. ಮೊದಲ 100 ಮೈಲಿ ಗಂಟೆಗೆ 60 ಮೈಲಿಯ ಮೇಲೆ ಹೋಗಬೇಡ, ಒಂದೇ ವೇಗದಲ್ಲಿ ಹೋಗಲೂಬೇಡ. 500 ಮೈಲಿ ಆಗುವವರೆಗೆ ಪೂರ್ತಿ ತುಳಿಯಬೇಡ, ಏನನ್ನೂ ಎಳೆಯಬೇಡ. 500ಕ್ಕೆ ಬಾ, ಆಯಿಲ್ ಬದಲಿಸೋಣ.

ಎಂಜಿನ್ ಬೋರ್ ಮಾಡಿಸಿದ ಲಾರಿಯ ಹಿಂದೆ 'ರನ್ನಿಂಗ್ ಇನ್' ಅಂತ ಬರೆದುಕೊಂಡು ಹೋಗುತ್ತಿದ್ದದ್ದು ನಮಗೆ ಗೊತ್ತು. ಹೌಸಿಂಗ್‌ಗೂ ಹಾಗೆ ಯಾಕೆ ಬೇಕು? ಕ್ರೌನ್-ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರುತ್ತವೆ ಕೂಡ. ಪಿನಿಯನ್ ಕ್ರೌನಿನ ನಡುಗೆರೆಗೆ ನೇರವಾಗಿಲ್ಲ, ಅದಕ್ಕಿಂತ ಕೆಳಗೆ ಕೂತಿರುತ್ತದೆ. ಇದೇ ಹೈಪಾಯ್ಡ್ ಗೇರು. 1926ರಲ್ಲಿ ಇದನ್ನು ಮೊದಲು ಕಾರಿಗೆ ತಂದದ್ದು ಇಲ್ಲೇ ಡೆಟ್ರಾಯಿಟ್‌ನ ಪ್ಯಾಕರ್ಡ್. ಗೇರು ರೂಪಿಸಿದ್ದು ಗ್ಲೀಸನ್. ಆ ಗ್ಲೀಸನ್ನಿನ ಕಾರ್ಖಾನೆ ಇವತ್ತು ನಮ್ಮ ಬೆಂಗಳೂರಲ್ಲೂ ಇದೆ. ಹೊಸ ಹಲ್ಲಿನ ಮೈಮೇಲೆ ಕಣ್ಣಿಗೆ ಕಾಣದ ಉಬ್ಬುಗಳಿರುತ್ತವೆ. ಅವು ಉಜ್ಜಿ ನುಣುಪಾಗುವವರೆಗೆ ಬಿಸಿ ವಿಪರೀತ. ಆಗಲೇ ಒತ್ತಿ ಓಡಿಸಿದರೆ ಆಯಿಲ್ ಕೆಡುತ್ತದೆ, ಹಲ್ಲಿನ ಮೇಲಿನ ಗಡಸುತನವೂ ಹೋಗುತ್ತದೆ. ಹಾಗಾಗಿ ಈ ರನ್ನಿಂಗ್ ಇನ್‌ನಲ್ಲಿ ದೂರಕ್ಕಿಂತ ಮುಖ್ಯ ನಡುವೆ ಆರಲು ಬಿಡುವ ಆ ಅರ್ಧ ಗಂಟೆ.

ನನ್ನ ಗೆಳೆಯನೊಬ್ಬ ಇದೇ ಸೆಟ್ಟನ್ನು ಬೇರೆ ಕಡೆ ಹಾಕಿಸಿದ್ದ. "ಏನೂ ಬೇಡ, ಹೊಡ್ಕೊಂಡು ಹೋಗು" ಅಂದಿದ್ದರಂತೆ. ಅವತ್ತೇ ಸಂಜೆ ಐ-75 ಹೈವೇಯಲ್ಲಿ ಒಂದೇ ಉಸಿರಿಗೆ 80 ಮೈಲಿ ಹೊಡೆದ. ಎರಡು ತಿಂಗಳಿಗೆ ಹಿಂದೆ ಊಳಿಡಲು ಶುರು. ಬಿಚ್ಚಿದರೆ ಹಲ್ಲು ನೀಲಿಗಟ್ಟಿತ್ತು. ಅದನ್ನು ಕಣ್ಣಾರೆ ನೋಡಿದ್ದರಿಂದಲೇ ನಾನು ಹಾಳೆಯಲ್ಲಿ ಬರೆದಂತೆ ನಡೆದುಕೊಂಡೆ, ಇಲ್ಲದಿದ್ದರೆ ನನ್ನ ಕಾಲೂ ಸುಮ್ಮನಿರುವಂಥದ್ದಲ್ಲ.

ಮೊದಲ ದಿನ ಭಾನುವಾರ. ರಾಚೆಸ್ಟರ್ ರೋಡ್ ಹಿಡಿದು ಉತ್ತರಕ್ಕೆ, ಲೇಕ್‌ವಿಲ್ ಕಡೆ ಸುಮಾರು 20 ಮೈಲಿ. 35, 50, ಮತ್ತೆ 40. ಹಿಂದೆ ಬಂದ ಮಿನಿವ್ಯಾನ್‌ಗಳೆಲ್ಲ ನನ್ನನ್ನು ದಾಟಿಕೊಂಡು ಹೋದವು. ಒಂದು ಅಜ್ಜಿಯಂತೂ ಕಿಟಕಿಯಿಂದ ಕರುಣೆಯಿಂದ ನೋಡಿದರು. ಕೆರೆ ಪಕ್ಕ ನಿಲ್ಲಿಸಿ ಹೌಸಿಂಗ್ ಹತ್ತಿರ ಅಂಗೈ ಹಿಡಿದೆ. ಮುಟ್ಟಲಿಲ್ಲ, ಕಾವಿಗೇ ಗೊತ್ತಾಯಿತು. ಅರ್ಧ ಗಂಟೆ ಅನ್ನುವುದು ಎಷ್ಟು ಉದ್ದ ಅಂತ ಅವತ್ತು ತಿಳಿಯಿತು. ಹೆಂಡತಿ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಹದಿನೈದು ನಿಮಿಷಕ್ಕೇ ಖಾಲಿ. ಉಳಿದ ಹದಿನೈದು ನಿಮಿಷ ಬಾತುಕೋಳಿ ನೋಡಿದೆ.

ಸುಮಾರು 60ನೇ ಮೈಲಿಗೆ ಒಂದು ಸಣ್ಣ ಕೂಗು ಕೇಳಿತು. ಎದೆ ಧಸಕ್ಕಂತು. ಚಿಕ್ಕಪ್ಪನಿಗೆ ಫೋನು.

"ತುಳಿದಾಗ ಕೂಗುತ್ತೋ, ಬಿಟ್ಟಾಗ ಕೂಗುತ್ತೋ?"

"ಬಿಟ್ಟಾಗ ಚಿಕ್ಕಪ್ಪ. 45ರಲ್ಲಿ, ಸಣ್ಣಗೆ."

"ಒಂದೇ ಸಮ ಇದ್ಯಾ, ಜಾಸ್ತಿ ಆಯ್ತಾ ಇದ್ಯಾ?"

"ಒಂದೇ ಸಮ."

"ಹಂಗಾದ್ರೆ ಹಲ್ಲಿನ ಆ ಮುಖ ಇನ್ನೂ ಕೂತಿಲ್ಲ. ಓಡ್ಸು. ಜಾಸ್ತಿ ಆದ್ರೆ ಬಿಚ್ಚಿಸು. ರೇಡಿಯೋ ಹಾಕ್ಕಂಡು ಕೇಳಿಸ್ದಂಗೆ ಇರ್ಬೇಡ."

300 ಮೈಲಿ ಹೊತ್ತಿಗೆ ಅದು ಮುಕ್ಕಾಲು ಪಾಲು ಅಡಗಿತು. ಪೂರ್ತಿ ಹೋಗಿಲ್ಲ, ಕಿಟಕಿ ಮುಚ್ಚಿ, ಹಾಡು ನಿಲ್ಲಿಸಿ, ಕಿವಿ ನೆಟ್ಟರೆ ಈಗಲೂ ಕೇಳುತ್ತದೆ. ಶಿಮ್ ತಪ್ಪಿ ಬರುವ ಊಳು ಎಷ್ಟು ಓಡಿಸಿದರೂ ಸರಿಹೋಗುವುದಿಲ್ಲ ಅನ್ನುವುದನ್ನೂ ನೆನಪಿಡಿ. "ಓಡ್ತಾ ಓಡ್ತಾ ಹೋಗುತ್ತೆ" ಅಂತ ಯಾರಾದರೂ ಸಮಾಧಾನ ಹೇಳಿದರೆ ಹಳದಿ ಅಚ್ಚಿನ ಫೋಟೋ ಕೇಳಿ.

ಅಂಗಡಿಯ ಒಂದು ಎಡವಟ್ಟನ್ನೂ ಹೇಳಬೇಕು. ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಹಿಂದೆ ಕಟಕಟ ನಡುಕ. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ಕ್ಲಚ್ಚು) ಇರುವ ಆಕ್ಸಲ್‌ಗೆ ಗೇರ್ ಆಯಿಲ್ ಜೊತೆ, ಆ ಕ್ಲಚ್ಚು ಕಚ್ಚಿ ನಡುಗದಂತೆ ಫ್ರಿಕ್ಷನ್ ಮಾಡಿಫೈಯರ್ ಹಾಕಬೇಕು, ಅದನ್ನು ಕಡಿಮೆ ಹಾಕಿದ್ದರು. ವಾಪಸ್ ಹೋದಾಗ ವಾದ ಮಾಡಲಿಲ್ಲ, ಹಾಕಿಕೊಟ್ಟರು, ದುಡ್ಡೂ ಕೇಳಲಿಲ್ಲ. ಖಾಲಿ ಜಾಗದಲ್ಲಿ ನಿಧಾನಕ್ಕೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಹತ್ತು ಸುತ್ತು ಹೊಡೆ ಅಂದರು. ಮಗಳು ಹಿಂದಿನ ಸೀಟಲ್ಲಿ ಕೂತು ಸುತ್ತು ಎಣಿಸಿದಳು. ಏಳಕ್ಕೆ ನಡುಕ ನಿಂತಿತು, ಹತ್ತಕ್ಕೆ ಅವಳಿಗೆ ತಲೆ ಸುತ್ತು.

ಸ್ಪೀಡೋಮೀಟರ್ ವಿಷಯ ಯಾರೂ ಹೇಳಿರಲಿಲ್ಲ. ಕಂಪ್ಯೂಟರ್‌ಗೆ ಹೊಸ ಅನುಪಾತ ತಿಳಿಸದಿದ್ದರೆ ಅದು ನಿಜಕ್ಕಿಂತ ಶೇ 12ಕ್ಕೂ ಹೆಚ್ಚು ತೋರಿಸುತ್ತದೆ. ಟ್ಯೂನರ್ (ಕಾರಿನ ಕಂಪ್ಯೂಟರ್‌ನ ಲೆಕ್ಕ ತಿದ್ದುವ ಸಾಧನ) ಇರುವವರ ಹತ್ತಿರ ಹೋಗಿ ಸರಿಮಾಡಿಸಿದೆ, ಅದರ ಖರ್ಚು ಬೇರೆ. ಅಲ್ಲಿಯವರೆಗೆ ಓಡೋಮೀಟರೂ ಹೆಚ್ಚೇ ಓಡಿದೆ, ಹಾಗಾಗಿ 500ನ್ನು ಎಣಿಸುವಾಗ ಫೋನಿನ ಜಿಪಿಎಸ್ ನಂಬಿ.

500ಕ್ಕೆ ಕವರ್ ಬಿಚ್ಚಿದಾಗ ಇಳಿದ ಆಯಿಲ್ ಸಾಣೆಕಲ್ಲಿನ ನೀರಿನ ಹಾಗೆ ಬೂದು, ಬಿಸಿಲಿಗೆ ಹಿಡಿದರೆ ಮಿಣಮಿಣ. ಅಷ್ಟು ಸಹಜವಂತೆ. ಬೆರಳಲ್ಲಿ ತಿಕ್ಕಿದರೆ ಚೂರು ಸಿಗಬಾರದು, ಸಿಗಲಿಲ್ಲ. ಮೊದಲು ತುಂಬಿದ್ದು ಸಾದಾ 80ಡಬ್ಲ್ಯೂ-90, ಈಗ 75ಡಬ್ಲ್ಯೂ-140 ಸಿಂಥೆಟಿಕ್.

ಅವತ್ತು ವಾಪಸ್ ಬರುವಾಗ ಐ-75ಕ್ಕೆ ಹತ್ತುವ ರ‍್ಯಾಂಪಿನಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ತುಳಿದೆ. ಹೆಂಡತಿ ಕೈಲಿದ್ದ ಕಾಫಿ ಅವಳ ಸೀರೆ ಮೇಲಿತ್ತು. ಆ ಸೀರೆಯ ಖರ್ಚು ಮೇಲಿನ ಲೆಕ್ಕಕ್ಕೆ ಸೇರಿಲ್ಲ.

ಯಾರಿಗೆ ಬೇಡ? ದಿನಾ ಹೈವೇಯಲ್ಲೇ ಓಡಾಡುವವರಿಗೆ. ಆರನೇ ಗೇರಿನಲ್ಲಿ 70 ಮೈಲಿ ವೇಗಕ್ಕೆ ಮೊದಲು ಸುಮಾರು 1,870 ಆರ್‌ಪಿಎಂ ಇತ್ತು, ಈಗ 2,100. ಪೆಟ್ರೋಲೂ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಅವರಿಗೆ 3.55 ಸಾಕು. ಆಗಸ್ಟಿನ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ (ಅದೇ ರಸ್ತೆಯಲ್ಲಿ ನಡೆಯುವ ಕಾರು ಜಾತ್ರೆ) ಸಿದ್ಧವಾಗಬೇಕು ಅನ್ನುವವರು ಜೂನ್‌ನಲ್ಲೇ ಅಂಗಡಿ ಹಿಡಿಯಿರಿ. ಕೆಲಸ ಒಂದೇ ದಿನದ್ದು, ಆ 500 ಮೈಲಿಗೆ ನನಗೆ ಐದು ವಾರ ಬೇಕಾಯಿತು.